ದಾರ ಸರಿದರೆ ಎಣ್ಣೆಯೂ ಸರಿಯುತ್ತದೆ

ಮೊದಲು ಈ ರಟ್ಟು ನೋಡಿ. ರಿಪೇರಿಗೆ ಮೊದಲು ಒಂದು ರಾತ್ರಿ ಗಾಡಿ ಕೆಳಗೆ ಹಾಸಿಟ್ಟಿದ್ದೆ. ಮುಂದಿನ ಪುಲ್ಲಿಯ ನೇರಕ್ಕೆ ಅಂಗೈಯಗಲ ಎಣ್ಣೆ ಕಲೆ. ಹಿಂದೆ, ಎಂಜಿನ್‌ಗೆ ಗೇರ್‌ಬಾಕ್ಸ್ ಸೇರುವ ಕಡೆ, ರೂಪಾಯಿ ನಾಣ್ಯದಷ್ಟು ಇನ್ನೊಂದು.

ಗಾಡಿ 1976ರ ಅಂಬಾಸಿಡರ್ ಮಾರ್ಕ್ 3. ಹುಬ್ಬಳ್ಳಿಯಲ್ಲಿ ಅಪ್ಪ ಓಡಿಸಿದ್ದು, ಈಗ ನನ್ನ ಜೊತೆ ವಡೋದರಾದ ಗೋರ್ವಾದಲ್ಲಿದೆ. ಅಂಬಾಸಿಡರ್ ಅಂದ ಕೂಡಲೇ ಎಲ್ಲರಿಗೂ ಬಂಗಾಳದ ಉತ್ತರಪಾಡಾ ನೆನಪಾಗುತ್ತದೆ. ಆದರೆ ಅದನ್ನು ತಯಾರಿಸಿದ ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲಿ ಕಣ್ಣುಬಿಟ್ಟದ್ದು ಇದೇ ಗುಜರಾತಿನ ಓಖಾ ಬಂದರಿನಲ್ಲಿ. ಉತ್ತರಪಾಡಾಕ್ಕೆ ಹೋದದ್ದು 1948ರಲ್ಲಿ. ಹಾಗಾಗಿ ಈ ಗಾಡಿ ಇಲ್ಲಿಗೆ ಬಂದದ್ದು ತವರಿಗೆ ಬಂದ ಹಾಗೆ ಅಂತ ನನಗೆ ಅನ್ನಿಸುತ್ತದೆ.

ಕಳೆದ ವರ್ಷ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, "ಹಿಂದಿನ ಸೀಲ್ ಹೋಗಿದೆ, ಎಂಜಿನ್ ಇಳಿಸಬೇಕು" ಅಂದರು. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ಈ 1489 ಸಿಸಿ ಎಂಜಿನ್ ಬ್ರಿಟಿಷ್ ಮೂಲದ್ದು, ಬಿಎಂಸಿ ಕಂಪನಿಯ ಬಿ-ಸೀರೀಸ್. ಮೂರು ಮೇನ್ ಬೇರಿಂಗ್ ಇರುವ ಈ ಎಂಜಿನ್‌ನ ಹಿಂಬದಿಯಲ್ಲಿ ರಬ್ಬರ್ ಸೀಲೇ ಇಲ್ಲ! ಕ್ರ್ಯಾಂಕ್‌ನ ಮೇಲೆ ಸ್ಕ್ರೂ ಥ್ರೆಡ್ಡಿನಂಥ ಸುರುಳಿ ಗೀರು ಕೊರೆದಿರುತ್ತಾರೆ. ಕ್ರ್ಯಾಂಕ್ ತಿರುಗುವಾಗ ಆ ಸುರುಳಿ ಎಣ್ಣೆಯನ್ನು ಒಳಕ್ಕೆ, ಸಂಪ್ ಕಡೆಗೆ, ತಿರುಗಿಸಿ ತಳ್ಳುತ್ತದೆ. ಎಂಜಿನ್ ನಿಂತಾಗ ತಳ್ಳುವವರಿಲ್ಲ. ಬಿಸಿ ಎಣ್ಣೆ ಒಂದೆರಡು ಹನಿ ಹೊರಗೆ ಬರುತ್ತದೆ. ಅದು ರೋಗವಲ್ಲ, ಆ ವಿನ್ಯಾಸವೇ ಹಾಗೆ. ಇಲ್ಲದ ಸೀಲ್ ಬದಲಿಸಲು ಯಾರೂ ದುಡ್ಡು ಕಳೆದುಕೊಳ್ಳಬಾರದು ಅಂತಲೇ ಈ ವಿಡಿಯೋ ಮಾಡುತ್ತಿದ್ದೇನೆ.

ಪಾನಾ ಕೈಗೆತ್ತಿಕೊಳ್ಳುವ ಮೊದಲು ಎಣ್ಣೆ ಹುಟ್ಟುವ ಜಾಗ ಹುಡುಕಬೇಕು. ಸೀಮೆಎಣ್ಣೆ, ಬ್ರಷ್ಷು ಹಿಡಿದು ಎಂಜಿನ್ ತಿಕ್ಕಿ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿ, ಕಾಲು ಗಂಟೆ ಓಡಿಸಿ ಬನ್ನಿ. ಬಿಳಿ ಪೌಡರಿನ ಮೇಲೆ ಎಣ್ಣೆಯ ಜಾಡು ಚೆನ್ನಾಗಿ ಕಾಣುತ್ತದೆ. ಆ ಜಾಡು ಹಿಡಿದು ಮೇಲಕ್ಕೆ ಹೋಗಿ. ಅಂಬಾಸಿಡರ್‌ನಲ್ಲಿ ಎಂಜಿನ್ ಪಕ್ಕದ ಟ್ಯಾಪೆಟ್ ಕವರ್‌ಗಳ ಕಾರ್ಕ್ ಗ್ಯಾಸ್ಕೆಟ್ ಒಣಗಿ ಸೋರಿದರೂ ಎಣ್ಣೆ ಹಿಂದಕ್ಕೆ ಹರಿದು ಗೇರ್‌ಬಾಕ್ಸ್ ಹತ್ತಿರವೇ ತೊಟ್ಟಿಕ್ಕುತ್ತದೆ. ಎಷ್ಟೋ ಜನ ಅಲ್ಲೇ ಮೋಸ ಹೋಗುತ್ತಾರೆ.

ಎಂಜಿನ್ ಉಸಿರಾಡುತ್ತಿದೆಯಾ ಅಂತಲೂ ನೋಡಬೇಕು. ಪಿಸ್ಟನ್ ರಿಂಗ್ ದಾಟಿ ಬಂದ ಗಾಳಿ ಬ್ರೀದರ್ ಪೈಪಿನಿಂದ ಹೊರಗೆ ಹೋಗಬೇಕು. ಪೈಪು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಸಿಕ್ಕ ಸಂದಿಯಿಂದೆಲ್ಲ ಎಣ್ಣೆಯನ್ನು ಹೊರಗೆ ನೂಕುತ್ತದೆ. ನನ್ನ ಗಾಡಿಯ ಪೈಪಿನಲ್ಲಿ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆದದ್ದಕ್ಕೇ ಹಿಂದಿನ ಕಲೆ ನಾಣ್ಯದಷ್ಟಕ್ಕೆ ಇಳಿಯಿತು.

ಈಗ ಮುಂದಿನದು. ಇಲ್ಲಿ ಸೀಲ್ ಇದೆ, ಟೈಮಿಂಗ್ ಕವರ್‌ನಲ್ಲಿ. ರೇಡಿಯೇಟರ್ ತೆಗೆದು, ಬೆಲ್ಟ್ ಬಿಚ್ಚಿ, ಪುಲ್ಲಿಯ ದೊಡ್ಡ ನಟ್‌ಗೆ ಮಡಚಿರುವ ಲಾಕ್ ವಾಷರನ್ನು ಬಿಡಿಸಬೇಕು. ಕವರ್ ಬೋಲ್ಟ್‌ಗಳು ಇಂಚಿನ ಲೆಕ್ಕದವು, 7/16 ಮತ್ತು 1/2 ಪಾನಾ ಬೇಕು. ಮಿಲಿಮೀಟರ್ ಪಾನಾ ಹಾಕಿ ಬೋಲ್ಟಿನ ತಲೆ ಸವೆಸಬೇಡಿ. ಒಳಗೆ ಎಣ್ಣೆ ಎರಚುವ ತಟ್ಟೆಯಂಥ ಥ್ರೋವರ್ ಇರುತ್ತದೆ. ಅದರ ಯಾವ ಮುಖ ಮುಂದಕ್ಕಿತ್ತು ಅಂತ ತೆಗೆಯುವಾಗಲೇ ಫೋಟೋ ಹೊಡೆದಿಟ್ಟುಕೊಳ್ಳಿ.

ಹಳೆ ಸೀಲ್ ತೆಗೆದು ಹೊಸದು ಬಡಿದರೆ ಮುಗಿಯಿತಾ? ಇಲ್ಲ. ಪುಲ್ಲಿಯ ಕತ್ತಿನ ಮೇಲೆ, ಸೀಲಿನ ತುಟಿ ಉಜ್ಜುವ ಜಾಗದಲ್ಲಿ, ಉಗುರು ಆಡಿಸಿ. ಉಗುರು ಸಿಕ್ಕಿಕೊಂಡಿತೋ, ಗೀರು ಬಿದ್ದಿದೆ. ರಬ್ಬರ್ ಮೆತ್ತಗಿದ್ದರೂ ಅದರ ತುಟಿಗೆ ಸಿಕ್ಕಿಕೊಂಡ ಧೂಳು ವರ್ಷಗಟ್ಟಲೆ ಉಜ್ಜಿ ಕಬ್ಬಿಣವನ್ನೇ ಕೊರೆಯುತ್ತದೆ. ಗೀರು ಹಾಗೇ ಇದ್ದರೆ ಹೊಸ ಸೀಲೂ ಸೋರುತ್ತದೆ. ಸಣ್ಣ ಗೀರಾದರೆ, ಕವರಿನಲ್ಲಿ ಜಾಗವಿದ್ದರೆ, ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ, ತುಟಿ ಹೊಸ ಜಾಗದ ಮೇಲೆ ಓಡುವ ಹಾಗೆ ಮಾಡಬಹುದು. ನನ್ನದು ಆಳವಾಗಿತ್ತು. ಸ್ಲೀವ್ ಹಾಕಿಸಲೇಬೇಕಿತ್ತು.

ಗೋರ್ವಾದಲ್ಲಿರುವ ಭಾಗ್ಯ ಅಂದರೆ ಇದೇ. ಬಿಐಡಿಸಿ ಇಂಡಸ್ಟ್ರಿಯಲ್ ಎಸ್ಟೇಟ್ ಪಕ್ಕದಲ್ಲೇ. ಅಲ್ಲಿ ಲೇಥ್ ಮೇಲೆ ಕೂದಲು ಹಣ್ಣಾಗಿಸಿಕೊಂಡ ಕಾಕಾ ಒಬ್ಬರಿದ್ದಾರೆ. ಪುಲ್ಲಿಯ ಕತ್ತನ್ನು ಸವೆಸಿ ಉಕ್ಕಿನ ಸ್ಲೀವ್ ಬಿಗಿಯಾಗಿ ಕೂರಿಸಿ, ಮೊದಲಿನ ಅಳತೆಗೆ ತಂದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಎತ್ತಿಕೊಳ್ಳಲು ಕೈ ಚಾಚಿದೆ. ಕಾಕಾ ತಡೆದು, "ದೋರೋ ಛೇ?" ಅಂದರು. ದಾರ ಇದೆಯಾ ಅಂತ. ಉತ್ತರಾಯಣ ಮುಗಿದ ಹೊಸತು, ಮೂಲೆಯಲ್ಲಿ ಗಾಳಿಪಟದ ಮಾಂಜಾ ಬಿದ್ದಿತ್ತು. ಅದು ಒರಟು, ಬೇಡ ಅಂದು ಹೊಲಿಗೆ ದಾರ ತರಿಸಿದರು.

ಪುಲ್ಲಿಯನ್ನು ಮತ್ತೆ ಲೇಥ್‌ಗೆ ಕಟ್ಟಿ, ಕತ್ತಿಗೆ ಒಂದು ಹನಿ ಎಣ್ಣೆ ಸವರಿ, ದಾರವನ್ನು ಅದರ ಮೇಲೆ ಇಳಿಬಿಟ್ಟು, ತುದಿಗೆ ಸಣ್ಣ ನಟ್ ಕಟ್ಟಿದರು. ನಿಧಾನಕ್ಕೆ ತಿರುಗಿಸಿದಾಗ ದಾರ ಮೆಲ್ಲಗೆ ಹೊರಕ್ಕೆ ಸರಿಯಿತು. ಉಲ್ಟಾ ತಿರುಗಿಸಿದರೆ ಒಳಕ್ಕೆ ಬಂತು. ಅಂದರೆ ಕಣ್ಣಿಗೆ ಕಾಣದ ಸುರುಳಿ ಅದರ ಮೇಲಿದೆ. ಲೇಥ್‌ನ ಟೂಲ್ ಪಕ್ಕಕ್ಕೆ ಸರಿಯುತ್ತಾ ಕತ್ತರಿಸುವಾಗ ಬಿಟ್ಟ ಗುರುತು ಅದು. ಎಂಜಿನ್ ಹಿಂದೆ ಎಣ್ಣೆಯನ್ನು ಒಳಗೆ ತಳ್ಳಲು ಬೇಕೆಂದೇ ಕೊರೆದ ಸುರುಳಿ ನೆನಪಿದೆಯಲ್ಲ? ಇದು ಅದೇ ಕೆಲಸವನ್ನು ತಿರುಗುಮುರುಗಾಗಿ ಮಾಡುತ್ತದೆ, ಹೊಚ್ಚಹೊಸ ಸೀಲಿನ ಕೆಳಗಿಂದಲೇ ಎಣ್ಣೆಯನ್ನು ಹೊರಗೆಳೆಯುತ್ತದೆ! ಇಂಥದ್ದನ್ನು ನೋಡಿ ನನಗೆ ನಿಜಕ್ಕೂ ರೋಮಾಂಚನವಾಯಿತು.

ಕಾಕಾ ಈ ಸಲ ನಯವಾದ ಎಮರಿ ಕಾಗದವನ್ನು ಪಕ್ಕಕ್ಕೆ ಒಂದಿಷ್ಟೂ ಸರಿಸದೆ, ನೇರ ಒತ್ತಿ ಹಿಡಿದು ಉಜ್ಜಿದರು. ಆಮೇಲೆ ದಾರ ಎರಡೂ ದಿಕ್ಕಿನ ತಿರುಗಾಟಕ್ಕೆ ಇದ್ದಲ್ಲೇ ನಿಂತಿತು.

ಜೋಡಿಸುವಾಗ ಸೀಲಿನ ಸ್ಪ್ರಿಂಗ್ ಇರುವ ಮುಖ ಎಂಜಿನ್ ಒಳಗಡೆಗೆ ಇರಲಿ. ತುಟಿಗೆ ಎಣ್ಣೆ ಸವರಿ. ಕವರಿನ ಬೋಲ್ಟ್‌ಗಳನ್ನು ಮೊದಲು ಕೈಯಲ್ಲಷ್ಟೇ ತಿರುಗಿಸಿ, ಪುಲ್ಲಿಯನ್ನು ತೂರಿಸಿ ಕವರ್ ನಡುಮಧ್ಯಕ್ಕೆ ಬಂದ ಮೇಲೆ ಬಿಗಿ ಮಾಡಿ. ಕವರ್ ಓರೆಯಾದರೆ ತುಟಿಯ ಒಂದು ಕಡೆ ಮಾತ್ರ ಸವೆಯುತ್ತದೆ.

ಇದು ಹೊಸ ರಟ್ಟು, ಇವತ್ತು ಬೆಳಗಿನದು. ಮುಂದೆ ಏನೂ ಇಲ್ಲ. ಹಿಂದೆ ಆ ನಾಣ್ಯ ಹಾಗೇ ಇದೆ. ಅದನ್ನು ಅಳಿಸಲು ನಾನು ಎಂಜಿನ್ ಇಳಿಸುವುದಿಲ್ಲ. ಭಾನುವಾರ ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ನೋಡುತ್ತೇನೆ, ಅಷ್ಟೆ.