ಕಿವಿಗೆ ಕೇಳದ್ದು ಕನ್ನಡದಲ್ಲಿ ತಿಳಿಯಲಿ



ಅಂಗಡಿಯಲ್ಲಿ ಹಣ ಜಮೆಯಾದೊಡನೆ ಪುಟ್ಟ ಪೆಟ್ಟಿಗೆಯೊಂದು ಮೊತ್ತವನ್ನು ಗಟ್ಟಿಯಾಗಿ ಹೇಳುವುದು ಈಗ ಎಲ್ಲರಿಗೂ ರೂಢಿ. ಆ ಪೆಟ್ಟಿಗೆಯ ಮಾತು ಮನುಷ್ಯರಿಗಾಗಿ. ಯಂತ್ರವೊಂದು ಇನ್ನೊಂದು ಯಂತ್ರದ ಜತೆ ಸದ್ದಿನಲ್ಲೇ ಮಾತಾಡಿ, ಪಕ್ಕದಲ್ಲಿ ನಿಂತವರಿಗೆ ಏನೂ ಕೇಳಿಸದಂತೆ ಮಾಡುವ ವಿದ್ಯೆ ಈ ವಿಚಾರ ಸಂಕಿರಣದ ವಸ್ತು.

ಮನುಷ್ಯರ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಜ್‌ವರೆಗಿನ ಸದ್ದು ಕೇಳಿಸುತ್ತದೆ. ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತದೆ. ಸೆಕೆಂಡಿಗೆ 44,100 ಮಾದರಿಗಳನ್ನು ಹಿಡಿಯುವ ಸ್ಮಾರ್ಟ್‌ಫೋನಿಗೆ ಮಾತ್ರ 18,000 ಹರ್ಟ್ಜ್ ಆಚೆಯ ಸ್ವರವೂ ದಕ್ಕುತ್ತದೆ. ಅಲ್ಲಿ ಒಂದು ಸ್ವರವನ್ನು ಸೊನ್ನೆ, ಇನ್ನೊಂದನ್ನು ಒಂದು ಎಂದು ಗೊತ್ತುಮಾಡಿಕೊಂಡರೆ ಸಂದೇಶ ಸಿದ್ಧ. ಇನ್ನೊಂದು ದಾರಿ ಪ್ರತಿಧ್ವನಿಯದು. ಎಂಐಟಿಯ ವಾಲ್ಟರ್ ಬೆಂಡರ್ ಮತ್ತು ಸಂಗಡಿಗರು 1996ರಲ್ಲಿ ಇದನ್ನು ವಿವರಿಸಿದರು. ಹಾಡಿನ ಬೆನ್ನಿಗೇ, ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಅಂತರದಲ್ಲಿ ಕ್ಷೀಣವಾದ ಪ್ರತಿಧ್ವನಿ ಸೇರಿಸಿದರೆ ಕಿವಿ ಎರಡನ್ನೂ ಒಂದೇ ಸದ್ದಾಗಿ ಕೇಳುತ್ತದೆ. ಅಂತರದ ಹೆಚ್ಚುಕಡಿಮೆಯನ್ನು ಯಂತ್ರ ಅಕ್ಷರವಾಗಿ ಓದಿಕೊಳ್ಳುತ್ತದೆ.

ಭಾರತದಲ್ಲಿ ಈ ವಿದ್ಯೆ ಪೇಟೆಗೆ ಬಂದು ವರ್ಷಗಳಾದವು. 2017ರ ಸೆಪ್ಟೆಂಬರಿನಲ್ಲಿ ಗೂಗಲ್ ತಂದ ತೇಜ್ ಆ್ಯಪ್‌ನಲ್ಲಿ ಹತ್ತಿರ ಹಿಡಿದ ಎರಡು ಫೋನ್‌ಗಳು ಕೇಳದ ಸದ್ದಿನಿಂದಲೇ ಪರಸ್ಪರ ಗುರುತು ಹಿಡಿಯುತ್ತಿದ್ದವು. ಬೆಂಗಳೂರಿನ ಟೋನ್‌ಟ್ಯಾಗ್ ಸಂಸ್ಥೆ ಸದ್ದಿನ ಮೂಲಕ ಪಾವತಿಯನ್ನೇ ಕಸುಬಾಗಿಸಿಕೊಂಡಿತು. 2022ರ ಮಾರ್ಚ್ 8ರಂದು ರಿಸರ್ವ್ ಬ್ಯಾಂಕ್ ಆರಂಭಿಸಿದ ಯುಪಿಐ 123ಪೇಯ ನಾಲ್ಕು ದಾರಿಗಳಲ್ಲಿ ಒಂದು ಸದ್ದಿನದು. ಗ್ರಾಹಕರು ಕೀಪ್ಯಾಡ್ ಫೋನಿನಿಂದ ಕರೆಮಾಡಿ ಅಂಗಡಿಯ ಸಾಧನದ ಬಳಿ ಹಿಡಿಯುತ್ತಾರೆ, ಅದು ಸ್ವರ ಹೊರಡಿಸುತ್ತದೆ, ಬಳಿಕ ಮೊತ್ತ ಮತ್ತು ಪಿನ್ ಒತ್ತಬೇಕು. ಮಾಮೂಲಿ ಫೋನ್ ಕರೆಯಲ್ಲಿ ದಾಟುವುದು ಸುಮಾರು 300ರಿಂದ 3,400 ಹರ್ಟ್ಜ್ ಮಾತ್ರ. ಹಾಗಾಗಿ ಸಾದಾ ಫೋನಿನ ಬಳಿ ಬಂದಾಗ ಅಡಗಿದ ಸದ್ದು ಕಿವಿಗೆ ಕೇಳುವ ಮಟ್ಟಕ್ಕೆ ಇಳಿಯಲೇಬೇಕು. ಬಳಸುವವರಿಗೆ ಇದು ಒಳ್ಳೆಯದೇ, ನಡೆಯುತ್ತಿರುವುದು ಅವರ ಗಮನಕ್ಕೆ ಬರುತ್ತದೆ.

ಗಮನಕ್ಕೇ ಬಾರದಿದ್ದರೆ?

ಗುರುಗ್ರಾಮದ ಸಿಲ್ವರ್‌ಪುಶ್ ಸಂಸ್ಥೆಯ ತಂತ್ರಾಂಶ ಟಿವಿ ಕಾರ್ಯಕ್ರಮದಲ್ಲಿ ಅಡಗಿಸಿದ ಸಂಕೇತವನ್ನು ಫೋನಿನ ಮೈಕಿನಿಂದ ಆಲಿಸಿ, ಮನೆಯವರು ಏನು ನೋಡುತ್ತಿದ್ದಾರೆಂದು ತಿಳಿಯಬಲ್ಲದಾಗಿತ್ತು. 2016ರ ಮಾರ್ಚ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದನ್ನು ಅಳವಡಿಸಿಕೊಂಡಿದ್ದ 12 ಆ್ಯಪ್ ತಯಾರಕರಿಗೆ ಎಚ್ಚರಿಕೆಯ ಪತ್ರ ಬರೆಯಿತು. ಮರುವರ್ಷ ಜರ್ಮನಿಯ ಬ್ರೌನ್‌ಶ್ವೈಗ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 234 ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಅದನ್ನು ಪತ್ತೆಹಚ್ಚಿದರು.

ಆಂಧ್ರಪ್ರದೇಶದ ಗಡಿಸೀಮೆಯಲ್ಲಿರುವ ರಾಯದುರ್ಗ, ಮಡಕಶಿರಾ ಭಾಗಗಳಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಮಡಕಶಿರಾ 2022ರಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆಡಳಿತ ತೆಲುಗಿನಲ್ಲಿ, ಅನೇಕ ಮನೆಗಳ ಮಾತು ಕನ್ನಡದಲ್ಲಿ. ಮೈಕ್ ಬಳಸಲು ಅನುಮತಿ ಕೇಳುವ ಪರದೆ ಅರ್ಥವಾಗದಿದ್ದರೆ ಒಪ್ಪಿಗೆಗೆ ಬೆಲೆಯಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸೂಚನೆ ಮತ್ತು ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕೆನ್ನುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ಮಡಕಶಿರಾದ ಕನ್ನಡಿಗರಿಗೆ ಈ ಹಕ್ಕು ರಾಜ್ಯದ ಗಡಿಯಿಂದ ತಪ್ಪುವುದಿಲ್ಲ.

ಹೀಗಾಗಿ ಗೋಷ್ಠಿಗಳಿಂದ ಎರಡು ಫಲ ದೊರೆಯಬೇಕೆಂಬುದು ಆಶಯ. ಸದ್ದಿನ ಚಿತ್ರ ತೋರಿಸುವ ಉಚಿತ ಆ್ಯಪ್ ಬಳಸಿ, ಕೇಳದ ಸ್ವರವನ್ನು ಮಕ್ಕಳು ಪರದೆಯ ಮೇಲೆ ಕಣ್ಣಾರೆ ಕಾಣುವಂಥ ಪಾಠವೊಂದನ್ನು ವಿಜ್ಞಾನದ ಅಧ್ಯಾಪಕರು ರೂಪಿಸಲಿ. ಮೈಕ್ ಏಕೆ ಬೇಕು, ಎಷ್ಟು ಹೊತ್ತು ಬೇಕು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ಆಡುಮಾತಿನ ಕನ್ನಡದಲ್ಲಿ ಹೇಳುವ ಒಪ್ಪಿಗೆ ಪತ್ರದ ಕರಡನ್ನು ಭಾಷಾ ಅಧ್ಯಾಪಕರು ಬರೆದುಕೊಡಲಿ.