ನುಡಿ ತಲುಪುವುದು, ಮನ ಮುಟ್ಟುವುದು

(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)

 

ಮನುಷ್ಯನು ಸಂಘಜೀವಿ. ಆತನ ಅನ್ನ, ವಸ್ತ್ರ, ವ್ಯಾಪಾರ, ವಿದ್ಯೆ, ಧರ್ಮ ಇವೆಲ್ಲವೂ ಒಬ್ಬರ ಮನದಲ್ಲಿರುವುದು ಇನ್ನೊಬ್ಬರ ಮನಕ್ಕೆ ತಿಳಿಯುವುದರಿಂದಲೇ ನಡೆಯುತ್ತವೆ. ವಿದ್ವಾಂಸರು ಇದನ್ನು ಸಂವಹನವೆಂದು ಕರೆಯುತ್ತಾರೆ. ಇದಕ್ಕೆ ಐದು ಅಂಗಗಳುಂಟು: ಹೇಳುವವನು, ಹೇಳಬೇಕಾದ ವಿಷಯ, ಅದನ್ನು ಒಯ್ಯುವ ಸಾಧನ, ಕೇಳುವವನು, ಕೇಳಿದವನಿಂದ ಮರಳಿ ಬರುವ ಉತ್ತರ. ಇವುಗಳಲ್ಲಿ ಕಡೆಯ ಎರಡನ್ನು ಜನರು ಬೇಗನೆ ಮರೆಯುತ್ತಾರೆ. ಅಂಗಡಿಯವನು ದರ ಹೇಳಿದ ಮಾತ್ರಕ್ಕೆ ವ್ಯಾಪಾರ ಕುದುರುವುದಿಲ್ಲ. ಗಿರಾಕಿಯು ಕೇಳಿ, ತಿಳಿದು, ಒಪ್ಪಿ ತಲೆದೂಗಿದಾಗಲೇ ಅದು ವ್ಯಾಪಾರ. ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ದರ ಗೊತ್ತುಪಡಿಸುವ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಅಲ್ಲಿ ತುಟಿ ಅಲುಗುವುದಿಲ್ಲ, ಆದರೂ ಸಾವಿರಾರು ರೂಪಾಯಿಗಳ ಮಾತು ಮುಗಿಯುತ್ತದೆ. ಬೆರಳಿನ ಅರ್ಥ ಇಬ್ಬರಿಗೂ ಒಂದೇ ಆಗಿರುವುದೇ ಇದಕ್ಕೆ ಕಾರಣ. ಆದ್ದರಿಂದ ಸಂವಹನದ ಮೂಲವು ಶಬ್ದವಲ್ಲ. ಇಬ್ಬರಿಗೂ ಸಮಾನವಾದ ಅರ್ಥ.

ಈ ತತ್ತ್ವವನ್ನು ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಭಗವಾನ್ ಮಹಾವೀರ ಸ್ವಾಮಿಯ ಉಪದೇಶವು ಪಂಡಿತರ ಸಂಸ್ಕೃತದಲ್ಲಿ ಅಲ್ಲ, ಜನರ ನಡುವಿನ ಅರ್ಧಮಾಗಧಿಯಲ್ಲಿ ನಡೆಯಿತೆಂದು ಪರಂಪರೆ ಹೇಳುತ್ತದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಪಾದಗಳ ಇಕ್ಕೆಲಗಳಲ್ಲಿ ಇರುವ ಶಾಸನಗಳನ್ನು ಯಾತ್ರಿಕರು ಕಂಡಿರಬಹುದು. ಚಾವುಂಡರಾಯನು ಈ ವಿಗ್ರಹವನ್ನು ಮಾಡಿಸಿದನೆಂಬ ಒಂದೇ ಸಂಗತಿಯನ್ನು ಅಲ್ಲಿ ಕನ್ನಡದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ ಕೆತ್ತಲಾಗಿದೆ. ಬೆಟ್ಟವೇರಿ ಬರುವವರು ಯಾವ ಯಾವ ನಾಡಿನವರೆಂಬುದನ್ನು ಕೆತ್ತಿಸಿದವರು ಯೋಚಿಸಿದ್ದರು. ಉಚ್ಚಾರಣೆಯಲ್ಲಿ ಅಲ್ಪ ಭೇದವಿದ್ದರೂ ಮೂರರಲ್ಲಿಯೂ ಮಾಡಿಸಿದವನ ಹೆಸರು ಮಾತ್ರ ಒಂದೇ. ಕೇಳುವವನಿಗಾಗಿ ಭಾಷೆ ಬದಲಾಯಿತು, ಹೇಳುವವನು ಬದಲಾಗಲಿಲ್ಲ. 1893ರಲ್ಲಿ ಷಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ವೀರಚಂದ ರಾಘವಜೀ ಗಾಂಧಿಯವರು ಜೈನಧರ್ಮವನ್ನು ಇಂಗ್ಲಿಷಿನಲ್ಲಿ ವಿವರಿಸಿದ್ದೂ ಇದೇ ಮಾರ್ಗದಲ್ಲಿ.

ಇನ್ನು ಸಾಧನದ ವಿಷಯ. ಒಂದು ಕಾಲದಲ್ಲಿ ಪೇಟೆಯ ವರ್ತಕನು ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದು ಕುಳಿತಿರಬೇಕಾಗಿತ್ತು. ತಂತಿಗೆ ಪದಗಳ ಲೆಕ್ಕದಲ್ಲಿ ಹಣ ತೆರಬೇಕಾದ್ದರಿಂದ ಅನಾವಶ್ಯಕವಾದ ಒಂದು ಪದವನ್ನೂ ಯಾರೂ ಬರೆಯುತ್ತಿರಲಿಲ್ಲ. 1991ರ ಆರ್ಥಿಕ ಸುಧಾರಣೆಗಳ ನಂತರ ದೇಶದ ಬಾಗಿಲು ಜಗತ್ತಿಗೆ ತೆರೆಯಿತು. 1995ರಲ್ಲಿ ಮೊಬೈಲ್ ದೂರವಾಣಿಯೂ ಸಾರ್ವಜನಿಕರಿಗೆ ಇಂಟರ್‌ನೆಟ್ಟೂ ಬಂದವು. 2013ರ ಜುಲೈನಲ್ಲಿ ತಂತಿ ಸೇವೆಯೇ ಮುಕ್ತಾಯವಾಯಿತು.

ಇದರ ಲಾಭವನ್ನು ಅಲ್ಲಗಳೆಯುವುದು ಸತ್ಯಕ್ಕೆ ದೂರವಾದೀತು. ಹಿಂದೆ ಚಿಕ್ಕಮಗಳೂರು, ಕೊಡಗುಗಳ ಬೆಳೆಗಾರನು ತನ್ನ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಿ ಹಣಕ್ಕಾಗಿ ಕಾಯುತ್ತಿದ್ದನು. 1990ರ ದಶಕದಲ್ಲಿ ಆ ಪದ್ಧತಿ ಕೊನೆಗೊಂಡಿತು. ಇಂದು ರೊಬಸ್ಟಾಗೆ ಲಂಡನ್ನಿನಲ್ಲಿ, ಅರೇಬಿಕಾಗೆ ನ್ಯೂಯಾರ್ಕಿನಲ್ಲಿ ನಡೆಯುವ ದರವನ್ನು ಆತನು ಕಣದಲ್ಲಿ ನಿಂತೇ ನೋಡಬಲ್ಲನು. ದರವನ್ನು ಮರೆಮಾಚಿ ಬೆಳೆಗಾರನನ್ನು ವಂಚಿಸುವುದು ಈಗ ಅಷ್ಟು ಸುಲಭವಲ್ಲ. ಇದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ದೂರ ಕಡಿಮೆಯಾದಷ್ಟು ತಿಳಿವಳಿಕೆ ಹೆಚ್ಚಿತೇ ಎಂಬುದೇ ಪ್ರಶ್ನೆ. 2000ದ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ಬೆಳೆದಾಗ, ಅಲ್ಲಿ ಸೇರಿದ ಅನೇಕ ತರುಣ ತರುಣಿಯರು ರಾತ್ರಿಯಿಡೀ ವಿದೇಶೀ ಹೆಸರಿಟ್ಟುಕೊಂಡು, ವಿದೇಶೀ ಉಚ್ಚಾರಣೆ ಕಲಿತು ಗಿರಾಕಿಗಳಿಗೆ ಉತ್ತರ ಕೊಡುತ್ತಿದ್ದರು. ದುಡಿಮೆ ಗೌರವದ್ದೇ, ಅದರಿಂದ ಎಷ್ಟೋ ಸಂಸಾರಗಳು ನಿಂತವು. ಆದರೆ ಬೆಳಗೊಳದ ಶಾಸನದಲ್ಲಿ ಉಳಿದ ಹೆಸರು ಇಲ್ಲಿ ಉಳಿಯಲಿಲ್ಲ.

ಇನ್ನೊಂದು ದೃಶ್ಯವನ್ನು ಇಂದು ಅನೇಕ ಮನೆಗಳಲ್ಲಿ ಕಾಣಬಹುದು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿದ ಅಜ್ಜಿಯು ಮೊಬೈಲಿನ ಮುಂದೆ ಕುಳಿತಿರುತ್ತಾರೆ. ಅಮೆರಿಕೆಯಲ್ಲಿ ಆಗ ತಾನೇ ಬೆಳಗು. ಮೊಮ್ಮಗಳ ಮುಖ ಪರದೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. “ಅಜ್ಜಿ ರಾತ್ರಿ ಏಕೆ ಉಣ್ಣುವುದಿಲ್ಲ?” ಎಂದು ಆ ಮಗು ತಾಯಿಯನ್ನು ಇಂಗ್ಲಿಷಿನಲ್ಲಿ ಕೇಳುತ್ತದೆ. ಉತ್ತರ ಹೇಳಲು ಅಜ್ಜಿಗೆ ಒಂದು ಜನ್ಮದ ಅನುಭವವಿದೆ. ದೀಪಕ್ಕೆ ಮುತ್ತುವ ಹುಳುಗಳಿಂದ ಮೊದಲುಮಾಡಿ ತನ್ನ ಅತ್ತೆಯವರು ಕಲಿಸಿದ ನೇಮದವರೆಗೆ ಹೇಳಬೇಕಾದದ್ದು ಬಹಳವಿದೆ. ಆದರೆ ಮಗುವಿಗೆ ಕನ್ನಡ ಬಾರದು, ಅಜ್ಜಿಗೆ ಇಂಗ್ಲಿಷು ಬಾರದು. ತಾಯಿಯು ಎರಡು ವಾಕ್ಯದಲ್ಲಿ ಏನೋ ಹೇಳಿ ಮುಗಿಸುತ್ತಾಳೆ. ಸಾಧನವು ಸಾವಿರಾರು ಮೈಲಿಯನ್ನು ದಾಟಿತು, ಮಾತು ದಾಟಲಿಲ್ಲ. ಧರ್ಮವು ಪುಸ್ತಕದಿಂದಷ್ಟೇ ಬರುವುದಲ್ಲ, ಅಜ್ಜಿಯ ಬಾಯಿಂದ ಬರುವುದು. ಆ ದಾರಿ ಕಡಿದರೆ ಕಲ್ಲಿನ ಬಸದಿ ಎಷ್ಟು ಭವ್ಯವಾಗಿದ್ದರೂ ಒಳಗೆ ನಿಲ್ಲುವವರು ಯಾರು?

ಮೂರನೆಯದು ಇನ್ನೂ ಘೋರವಾದದ್ದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ, ಗೆಳೆಯರೊಂದಿಗೆ ಬಂದಿದ್ದ ಹೈದರಾಬಾದಿನ ಒಬ್ಬ ಯುವ ಇಂಜಿನಿಯರನ್ನು ಜನಸಮೂಹವು ಹೊಡೆದು ಕೊಂದಿತು. ಅವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಹಂಚಿದ್ದೇ ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯಾಗಿ ವಾಟ್ಸಾಪಿನಲ್ಲಿ ಹರಡಿತ್ತು. ಅದೇ ವರ್ಷ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿಯೂ ಇಂತಹುದೇ ವದಂತಿಗೆ ರಾಜಸ್ಥಾನದಿಂದ ಬಂದ ಒಬ್ಬ ಯುವಕನು ಬಲಿಯಾಗಿದ್ದನು. ದೇಶದಲ್ಲಿ ಇಂತಹ ಹತ್ಯೆಗಳು ಹಲವು ನಡೆದ ಮೇಲೆ, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ರವಾನಿಸದಂತೆ ಆ ಕಂಪನಿಯೇ ಮಿತಿ ಹಾಕಿತು. ಸಂದೇಶವನ್ನು ಮುಂದೆ ಕಳುಹಿಸಿದವರಲ್ಲಿ ಕಲ್ಲೆತ್ತದವರು ಎಷ್ಟೋ ಮಂದಿ. ಆದರೂ ಹಿಂಸೆಯಲ್ಲಿ ಅವರ ಪಾಲಿಲ್ಲವೆನ್ನಲಾದೀತೇ?

ಕಂಪನಿಯು 2018ರಲ್ಲಿ ಹಾಕಿದ ಮಿತಿಯನ್ನು ಆಚಾರ್ಯರು ಎಂದೋ ಹಾಕಿಟ್ಟಿದ್ದಾರೆ. ಮುನಿಗಳ ಐದು ಸಮಿತಿಗಳಲ್ಲಿ ಭಾಷಾಸಮಿತಿ ಒಂದು: ಹಿತವಾಗಿ, ಮಿತವಾಗಿ, ಸಂಶಯಕ್ಕೆಡೆಯಿಲ್ಲದಂತೆ ನುಡಿಯುವುದು. ಗೃಹಸ್ಥನ ಸತ್ಯಾಣುವ್ರತದ ಅತಿಚಾರಗಳಲ್ಲಿ ಪರರ ಗುಟ್ಟನ್ನು ಹೊರಗೆಡಹುವ ರಹೋಭ್ಯಾಖ್ಯಾನವೂ ಸುಳ್ಳು ಬರಹವನ್ನು ಸೃಷ್ಟಿಸುವ ಕೂಟಲೇಖಕ್ರಿಯೆಯೂ ಸೇರಿವೆ. ಓಲೆಯ ಕಾಲದಲ್ಲಿ ಹೇಳಿದ ಈ ಮಾತು ಬೆರಳ ತುದಿಯ ಬರಹಕ್ಕೆ ಹೆಚ್ಚಾಗಿಯೇ ಅನ್ವಯಿಸುತ್ತದೆ. ಮುನಿಯು ಹೆಜ್ಜೆಯಿಡುವ ಮುನ್ನ ನೆಲವನ್ನು ನೋಡುತ್ತಾನೆ. ಶ್ರಾವಕನು ಸಂದೇಶ ಕಳುಹಿಸುವ ಮುನ್ನ ಕ್ಷಣಕಾಲ ನೋಡಲಾರನೇ? ಇದು ನಿಜವೇ, ಯಾರಿಗಾದರೂ ಇದರಿಂದ ಹಿತವುಂಟೇ, ಕೇಳುವವನಿಗೆ ಇದು ತಿಳಿಯುವುದೇ? ಈ ಮೂರು ಪ್ರಶ್ನೆಗಳು ಸಾಕು.

ಧರ್ಮಬಂಧುಗಳೇ, ಜಗತ್ತಿನ ಬಾಗಿಲನ್ನು ಮುಚ್ಚುವುದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ಮಕ್ಕಳು ಇಂಗ್ಲಿಷು ಕಲಿಯಲಿ, ದೇಶಾಂತರಗಳಿಗೆ ಹೋಗಲಿ, ಸಂಪಾದಿಸಲಿ. ಜೊತೆಗೆ ಪ್ರತಿ ಮನೆಯಲ್ಲಿ ವಾರಕ್ಕೆ ಒಂದು ಗಂಟೆಯಾದರೂ ಹಿರಿಯರ ಬಳಿ ಕುಳಿತು ಕನ್ನಡದಲ್ಲಿ ಮಾತನಾಡುವ ನೇಮವಿರಲಿ. ದೂರದಲ್ಲಿರುವವರು ಅದೇ ಮೊಬೈಲನ್ನೇ ಇದಕ್ಕೆ ಬಳಸಲಿ. ಇಂದು ಪ್ರತಿಷ್ಠೆಗೊಂಡ ಜಿನಬಿಂಬವು ತುಟಿ ತೆರೆಯದೆ ಶಾಂತಿಯನ್ನು ತಿಳಿಸುತ್ತದೆ. ಅದರ ಮುಂದೆ ನಿಂತ ಮೊಮ್ಮಗು “ಇದೇನಜ್ಜಿ?” ಎಂದು ಕೇಳಿದಾಗ ಅಜ್ಜಿಯ ಉತ್ತರ ಅದಕ್ಕೆ ತಿಳಿಯುವಂತಾಗಲಿ. ಹಾಗಾದರೆ ಈ ಮಹೋತ್ಸವವು ಸಾರ್ಥಕ.