ಸಾಲದ ಪುಸ್ತಕ ಯಾರ ಕೈಯಲ್ಲಿದೆ?

(ಕಾರ್ಮಿಕ ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆ ಇವುಗಳ ಮೇಲೆ ಮಾತನಾಡಬೇಕಾದ ಈ ವೇದಿಕೆಯಲ್ಲಿ ಸಿನಿಮಾದ ಮಾತೇಕೆ ಎಂದು ಬಾಗಿಲಲ್ಲೇ ಒಬ್ಬ ಸಂಗಾತಿ ಕೇಳಿದರು. ಅವರು ಇನ್ನೊಂದು ಮಾತನ್ನೂ ಹೇಳಿದರು: "ಎಂಟು ಗಂಟೆ ಯಂತ್ರದ ಮುಂದೆ ನಿಂತು ಬಂದವನಿಗೆ ಹಾಡು ಬೇಕು, ಕುಣಿತ ಬೇಕು. ದುಡ್ಡು ಕೊಟ್ಟು ಅಳುವುದಕ್ಕೆ ಯಾರು ಹೋಗುತ್ತಾರೆ?" ಅವರ ಮಾತಿನಲ್ಲಿ ಸತ್ಯವಿದೆ. ದಣಿದವನಿಗೆ ನಗು ಬೇಕು, ಅದನ್ನು ಯಾರೂ ತಪ್ಪೆನ್ನಬಾರದು. ಆದರೆ ಕೆಲವು ಚಿತ್ರಗಳು ನಮ್ಮನ್ನು ಅಳಿಸುವುದರ ಜೊತೆಗೆ ನಮ್ಮ ಮನೆಯ ಲೆಕ್ಕವನ್ನೇ ತೆಗೆದು ನಮಗೆ ಓದಿ ಹೇಳುತ್ತವೆ. ಅಂಥ ಮೂರು ಚಿತ್ರಗಳ ವಿಷಯವನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು ಬಿಮಲ್ ರಾಯ್ ಅವರು 1953ರಲ್ಲಿ ತೆಗೆದ ಹಿಂದಿ ಚಿತ್ರ 'ದೋ ಬೀಘಾ ಜಮೀನ್'. ಶಂಭು ಎಂಬ ಸಣ್ಣ ರೈತ. ಅವನಿಗಿರುವುದು ಎರಡೇ ಬೀಘಾ ನೆಲ. ಊರಿನ ಜಮೀನ್ದಾರನಿಗೆ ಅಲ್ಲೊಂದು ಗಿರಣಿ ಕಟ್ಟಿಸುವ ಯೋಚನೆ. ಶಂಭುವಿನ ನೆಲ ನಡುವೆ ಅಡ್ಡ ಬಂದಿದೆ. ನೆಲ ಮಾರೆಂದರೆ ಶಂಭು ಒಪ್ಪುವುದಿಲ್ಲ. ಹಾಗಾದರೆ ಸಾಲ ತೀರಿಸು ಎನ್ನುತ್ತಾನೆ ಜಮೀನ್ದಾರ. ಶಂಭುವಿನ ಲೆಕ್ಕಕ್ಕೆ ಸಾಲ 65 ರೂಪಾಯಿ. ಮನೆಯ ಪಾತ್ರೆ ಪಡಗ ಮಾರಿ ಹಣ ಕೂಡಿಸಿಕೊಂಡು ಹೋಗುತ್ತಾನೆ. ಜಮೀನ್ದಾರನ ಪುಸ್ತಕದಲ್ಲಿ ಇರುವುದು 235 ರೂಪಾಯಿ! ವ್ಯವಹಾರ ಕೋರ್ಟಿಗೆ ಹೋಗುತ್ತದೆ. ಕೋರ್ಟು ನಂಬುವುದು ಪುಸ್ತಕವನ್ನು. ಮೂರು ತಿಂಗಳ ಗಡುವು ಸಿಗುತ್ತದೆ.

ಶಂಭು ಕಲ್ಕತ್ತೆಗೆ ಓಡುತ್ತಾನೆ. ಚಿಕ್ಕ ಮಗ ಕದ್ದು ರೈಲು ಹತ್ತಿ ಹಿಂದೆಯೇ ಬರುತ್ತಾನೆ. ಅಪ್ಪ ಕೈರಿಕ್ಷಾ ಎಳೆಯುತ್ತಾನೆ, ಮಗ ಬೂಟು ಪಾಲಿಶ್ ಮಾಡುತ್ತಾನೆ. ಒಂದು ದೃಶ್ಯವನ್ನು ಕಂಡವರು ಮರೆಯಲಾರರು. ರಿಕ್ಷಾದಲ್ಲಿ ಕುಳಿತ ಶೋಕಿಲಾಲ ಇನ್ನೊಂದು ಗಾಡಿಯನ್ನು ಹಿಂದೆ ಹಾಕುವ ಹುಚ್ಚಿನಲ್ಲಿ "ಇನ್ನೂ ಜೋರಾಗಿ ಓಡು" ಎಂದು ಹೆಚ್ಚು ಹೆಚ್ಚು ಹಣದ ಆಸೆ ತೋರಿಸುತ್ತಾನೆ. ಶಂಭು ಕುದುರೆಯಂತೆ ಓಡುತ್ತಾನೆ. ಕೊನೆಗೆ ಗಾಲಿ ಕಳಚಿ ಬೀಳುತ್ತದೆ. ಸಂಗಾತಿಗಳೇ, ಯಂತ್ರದ ವೇಗ ಹೆಚ್ಚಿಸಿ ಇಷ್ಟು ಮಾಲು ಇಳಿಸಿದರೆ ಇಷ್ಟು ಹೆಚ್ಚು ಎಂದು ಆಸೆ ತೋರಿಸುವ ಪದ್ಧತಿಯನ್ನು ಕಂಡ ನಮಗೆ ಆ ದೃಶ್ಯದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಕೂಡಿಟ್ಟ ಹಣವೆಲ್ಲ, ಗಂಡನನ್ನು ಹುಡುಕುತ್ತ ಪಟ್ಟಣಕ್ಕೆ ಬಂದು ಅಪಘಾತಕ್ಕೆ ಸಿಕ್ಕ ಹೆಂಡತಿಯ ಚಿಕಿತ್ಸೆಗೆ ಮುಗಿಯುತ್ತದೆ. ನೆಲ ಹರಾಜಾಗುತ್ತದೆ. ಕೊನೆಗೆ ಮೂವರೂ ಬಂದು ನೋಡಿದಾಗ ಅಲ್ಲಿ ಗಿರಣಿ ಏಳುತ್ತಿದೆ. ಶಂಭು ಒಂದು ಹಿಡಿ ಮಣ್ಣು ತೆಗೆದುಕೊಳ್ಳಹೋದರೆ ಕಾವಲಿನವನು ಅದನ್ನೂ ಕೆಳಗೆ ಹಾಕಿಸುತ್ತಾನೆ.

ಶಂಭುವಿನ ಪಾತ್ರ ಮಾಡಿದವರು ಬಲರಾಜ್ ಸಾಹ್ನಿ. ಓದಿ ಬರೆದ, ಶಾಂತಿನಿಕೇತನದಲ್ಲಿ ಪಾಠ ಹೇಳಿದ ಮನುಷ್ಯ. ಕಲ್ಕತ್ತೆಯ ಬೀದಿಯಲ್ಲಿ ತಾವೇ ರಿಕ್ಷಾ ಎಳೆದು ಕಲಿತರು. ಅಲ್ಲಿ ಒಬ್ಬ ರಿಕ್ಷಾದವನು ಚಿತ್ರದ ಕಥೆಯನ್ನು ಕೇಳಿ, ಇದು ನನ್ನದೇ ಕಥೆ ಎಂದು ಕಣ್ಣೀರಿಟ್ಟನೆಂದು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಇಂಥ ಚಿತ್ರ ತೆಗೆಯುವ ಧೈರ್ಯ ಎಲ್ಲಿಂದ ಬಂತು? 1952ರಲ್ಲಿ ನಮ್ಮ ದೇಶದಲ್ಲಿ ಮೊದಲನೆಯ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವ ನಡೆಯಿತು. ಇಟಲಿಯ ಡಿ ಸಿಕಾ ಅವರು 1948ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್', ಎಂದರೆ ಸೈಕಲ್ ಕಳ್ಳರು, ಅಲ್ಲಿ ಪ್ರದರ್ಶಿತವಾಯಿತು. ಬಿಮಲ್ ರಾಯ್ ಅದನ್ನು ನೋಡಿದರು. ಯುದ್ಧ ಮುಗಿದ ರೋಮ್ ನಗರ, ಎಲ್ಲೆಲ್ಲೂ ನಿರುದ್ಯೋಗ. ಗೋಡೆಗೆ ಪೋಸ್ಟರು ಹಚ್ಚುವ ಕೆಲಸ ಒಬ್ಬನಿಗೆ ಸಿಗುತ್ತದೆ, ಆದರೆ ಸೈಕಲ್ ಇರಲೇಬೇಕು. ಸೈಕಲ್ಲು ಗಿರವಿ ಅಂಗಡಿಯಲ್ಲಿದೆ. ಹೆಂಡತಿ ಮನೆಯ ಹಾಸಿಗೆಯ ಹೊದಿಕೆಗಳನ್ನು ಗಿರವಿ ಇಟ್ಟು ಸೈಕಲ್ ಬಿಡಿಸಿ ಕೊಡುತ್ತಾಳೆ. ಮೊದಲ ದಿನವೇ ಅದು ಕಳುವಾಗುತ್ತದೆ. ಹುಡುಕಿ ಹುಡುಕಿ ಸೋತ ಅವನು ಕಡೆಗೆ ಇನ್ನೊಬ್ಬನ ಸೈಕಲ್ ಕದಿಯಲು ಹೋಗಿ ಮಗನ ಎದುರಿಗೇ ಸಿಕ್ಕಿಬೀಳುತ್ತಾನೆ. ಆ ಪಾತ್ರ ಮಾಡಿದಾತ ನಿಜಜೀವನದಲ್ಲಿಯೂ ಕಾರ್ಖಾನೆಯ ಕೆಲಸಗಾರನೇ.

ಮೂರನೆಯದು ನಮ್ಮದೇ. ಶಿವರಾಮ ಕಾರಂತರ ಕಾದಂಬರಿಯನ್ನು ಬಿ. ವಿ. ಕಾರಂತರು 1975ರಲ್ಲಿ ತೆರೆಗೆ ತಂದ 'ಚೋಮನ ದುಡಿ'. ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ ಬಂತು. ಚೋಮನಾದ ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ದಕ್ಷಿಣ ಕನ್ನಡದ ಚೋಮನಿಗೆ ಇರುವುದು ಒಂದೇ ಆಸೆ: ತುಂಡು ನೆಲದಲ್ಲಿ ತಾನೇ ಬೇಸಾಯ ಮಾಡಬೇಕು. ಎತ್ತುಗಳಿವೆ, ನೆಲವಿಲ್ಲ. ಅಸ್ಪೃಶ್ಯನಿಗೆ ನೆಲ ಕೊಡುವ ರೂಢಿಯಿಲ್ಲ. ಹಳೆಯ ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ. ಗಂಡುಮಕ್ಕಳಿಂದ ಸಾಲ ತೀರುವುದಿಲ್ಲ. ಮಗಳು ಬೆಳ್ಳಿ ಹೋಗುತ್ತಾಳೆ. ಅಲ್ಲಿ ಆಕೆಯ ಮೈಯನ್ನೇ ಬಡ್ಡಿಯೆಂದು ಹಿಡಿದುಕೊಂಡ ಮೇಲೆ ಸಾಲ ವಜಾ ಆಗುತ್ತದೆ. ಚಿಕ್ಕ ಮಗ ನೀರಿಗೆ ಬಿದ್ದಾಗ, ಮುಟ್ಟಿದರೆ ಮೈಲಿಗೆಯೆಂದು ಯಾರೂ ಎತ್ತಲಿಲ್ಲ. ಉಳಿದದ್ದು ದುಡಿಯ ಸದ್ದು.

ಈಗ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಕಲ್ಕತ್ತೆ, ರೋಮ್, ದಕ್ಷಿಣ ಕನ್ನಡ. ಭಾಷೆ ಬೇರೆ, ಉಡುಪು ಬೇರೆ. ಆದರೆ ಮೂವರೂ ತಮ್ಮ ಹಿಂದಿನ ಬದುಕಿನಿಂದ ಬಿಡಿಸಿಕೊಳ್ಳಲು ಹೊರಟವರು. ಆ ಹಿಂದಿನ ಬದುಕು ಎಂದರೇನು? ಪೂರ್ವಜನ್ಮದ ಕರ್ಮವೆಂದು ಪುರಾಣಿಕರು ಹೇಳಿಯಾರು, ಕುಡಿತ ಸೋಮಾರಿತನವೆಂದು ಧಣಿಗಳು ಹೇಳಿಯಾರು. ಚಿತ್ರಗಳು ತೋರಿಸುವುದು ಬೇರೆ. ಶಂಭುವಿಗೂ ಚೋಮನಿಗೂ ಅದು ಇನ್ನೊಬ್ಬರ ಪುಸ್ತಕದಲ್ಲಿ ಇನ್ನೊಬ್ಬರ ಕೈ ಬರೆದ ಬಾಕಿ. ರೋಮಿನವನಿಗೆ ಗಿರವಿ ಅಂಗಡಿಯ ಬಾಕಿ. ಮನುಷ್ಯ ಊರು ಬಿಟ್ಟರೂ ಬಾಕಿ ಅವನನ್ನು ಬಿಡುವುದಿಲ್ಲ. ಗಂಡಸರು ತೀರಿಸಲಾರದೆ ಹೋದಾಗ ಅದು ಹೆಂಗಸರ ಮತ್ತು ಮಕ್ಕಳ ತಲೆಯ ಮೇಲೆ ಬೀಳುತ್ತದೆ.

ಇನ್ನೊಂದು ಸಂಗತಿ. ಮೂವರೂ ಒಂಟಿಯಾಗಿ ಓಡಿದವರು. ಶಂಭುವಿಗೆ ಪಟ್ಟಣದಲ್ಲಿ ಕರುಣೆ ತೋರಿಸಿದ ಬಡವರು ಸಿಗುತ್ತಾರೆ, ಸಂಘ ಸಿಗುವುದಿಲ್ಲ. ಇದು ಚಿತ್ರದವರ ತಪ್ಪೆಂದು ನಾನು ಹೇಳಲಾರೆ. ಅವರು ಕಂಡದ್ದನ್ನು ತೋರಿಸಿದರು. ಸುಳ್ಳು ಸುಖಾಂತ್ಯ ಅಂಟಿಸಲಿಲ್ಲ. ಬೇಲಿಯ ಹೊರಗೆ ನಿಂತ ಶಂಭುವಿನ ಮುಂದಿನ ಹೆಜ್ಜೆಯ ಪ್ರಶ್ನೆಯನ್ನು ನಮಗೆ ಬಿಟ್ಟರು.

ಆ ಹೆಜ್ಜೆಯನ್ನು ನಮ್ಮ ನಾಡು ಕಂಡಿದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಬತ್ತ ಅಳೆಯಲು ಒಡೆಯರು ದೊಡ್ಡ ಕೊಳಗ ಇಟ್ಟಿದ್ದರು. ಅದೂ ಒಂದು ಸುಳ್ಳು ಪುಸ್ತಕವೇ, ಮರದಲ್ಲಿ ಮಾಡಿದ್ದು ಅಷ್ಟೆ. 1951ರಲ್ಲಿ ಅಲ್ಲಿಯ ಗೇಣಿದಾರರು, ಗಣಪತಿಯಪ್ಪನವರಂಥವರ ಮುಂದಾಳುತನದಲ್ಲಿ, ಸರಿಯಾದ ಅಳತೆಯ ಕೊಳಗ ತನ್ನಿರೆಂದು ಒಟ್ಟಾಗಿ ಕೇಳಿದರು. ಸತ್ಯಾಗ್ರಹ ನಡೆಯಿತು, ಸಮಾಜವಾದಿಗಳು ಜೊತೆಗೆ ನಿಂತರು, ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಫಲ ಒಂದೇ ದಿನದಲ್ಲಿ ಬರಲಿಲ್ಲ. ಉಳುವವನಿಗೆ ಒಡೆತನ ಕೊಡುವ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬರಲು 1974 ಆಗಬೇಕಾಯಿತು. ಆದರೆ ಒಬ್ಬ ಶಂಭು ಕೇಳಿದಾಗ ಕೋರ್ಟಿನಲ್ಲಿ ನಿಲ್ಲದ ಮಾತು, ಊರೇ ಕೇಳಿದಾಗ ಶಾಸನಸಭೆಯವರೆಗೆ ಹೋಯಿತು.

ಚೋಮನ ಚಿತ್ರ ಬಂದ 1975ರ ಅಕ್ಟೋಬರಿನಲ್ಲಿಯೇ ಜೀತ ಪದ್ಧತಿಯನ್ನು ರದ್ದು ಮಾಡುವ ಸುಗ್ರೀವಾಜ್ಞೆ ಹೊರಟಿತು. 1976ರಲ್ಲಿ ಅದು ಕಾಯಿದೆಯಾಯಿತು. ಅದರಲ್ಲಿ ಒಂದು ಮಾತಿದೆ, ಎಲ್ಲರೂ ನೆನಪಿಡಬೇಕು. ಇದು ಜೀತದ ಸಾಲವೆಂದು ದುಡಿಯುವವನು ಹೇಳಿದರೆ, ಅಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಶಂಭುವಿನ ಕೋರ್ಟಿನಲ್ಲಿ ಪುಸ್ತಕವೇ ಸಾಕ್ಷಿಯಾಗಿತ್ತು. ಜೀತದ ವ್ಯವಹಾರದಲ್ಲಿ ಈ ಕಾಯಿದೆ ಆ ಪುಸ್ತಕವನ್ನೇ ಕಟಕಟೆಗೆ ತಂದಿತು. ಆದರೆ ಕಾಯಿದೆ ತಾನಾಗಿ ನಡೆದು ಬರುವುದಿಲ್ಲ. ಇಂದಿಗೂ ಮುಂಗಡ ಕೊಟ್ಟು ಸಂಸಾರ ಸಂಸಾರಗಳನ್ನೇ ಇಟ್ಟಿಗೆ ಗೂಡುಗಳಿಗೆ ಒಯ್ಯುವವರಿದ್ದಾರೆ.

ವ್ಯಾಪಾರಿ ಮಿತ್ರರಿಗೆ ಒಂದು ಮಾತು. ತಮ್ಮ ಅಂಗಡಿಯಲ್ಲೂ ಉದ್ರಿ ಪುಸ್ತಕವಿದೆ. ಆ ಉದ್ರಿ ಇಲ್ಲದಿದ್ದರೆ ತಿಂಗಳ ಕೊನೆಯ ವಾರ ನಮ್ಮ ಒಲೆ ಉರಿಯುವುದಿಲ್ಲ. ತಾವೂ ದೊಡ್ಡ ಸಾಹುಕಾರನ ಪುಸ್ತಕದಲ್ಲಿ ಬಾಕಿದಾರರೇ. ಆದುದರಿಂದ ಪುಸ್ತಕವನ್ನೇ ನಾನು ದೂರುತ್ತಿಲ್ಲ. ಗಿರಾಕಿಯ ಕಣ್ಣೆದುರು ಬರೆದು, ಅವನ ಕೈಗೂ ಒಂದು ಚೀಟಿ ಕೊಟ್ಟರೆ ಅದು ವ್ಯವಹಾರ. ತಾನೊಬ್ಬನೇ ಬರೆದು, ತಾನೊಬ್ಬನೇ ಓದಿ, ಹೆಬ್ಬೆಟ್ಟು ಒತ್ತು ಎಂದರೆ ಅದು ಬಲೆ.

ಗಿರಣಿಯ ಸಂಗಾತಿಗಳಿಗೆ ನನ್ನ ಬಿನ್ನಹ ಸಣ್ಣದು. ಸಂಬಳದ ಚೀಟಿ ಓದಿ ತೆಗೆದುಕೊಳ್ಳಿ. ಕಡಿತ ಏಕೆಂದು ಕೇಳಿ. ಸಾಲ ಮಾಡಿದರೆ ರಸೀದಿ ಪಡೆಯಿರಿ. ಅಕ್ಷರ ಬಾರದ ಅಣ್ಣಂದಿರು, ಅಕ್ಕಂದಿರು ಸಂಜೆ ಈ ವಾಚನಾಲಯಕ್ಕೆ ಬಂದರೆ ಓದಿ ಹೇಳುವವರು ಇಲ್ಲಿದ್ದಾರೆ. ಮುಂದಿನ ಸಲ ಇಂಥ ಚಿತ್ರ ನಮ್ಮ ಊರಿಗೆ ಬಂದಾಗ ಒಬ್ಬೊಬ್ಬರೇ ಹೋಗಬೇಡಿ. ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಒಟ್ಟಾಗಿ ಹೋಗೋಣ. ಅಳು ಬಂದರೆ ಅಳೋಣ. ಆಮೇಲೆ ಹೊರಗೆ ಬಂದು, ಚಹಾ ಕುಡಿಯುತ್ತ, ಆ 65 ರೂಪಾಯಿ 235 ಆದದ್ದು ಹೇಗೆಂದು ಲೆಕ್ಕ ಹಾಕೋಣ.